ನಾನು ಕೊಟ್ಟ ವರ್ಷನ್ 99

2003ರಲ್ಲಿ ಜಯನಗರ ನಾಲ್ಕನೇ ಬ್ಲಾಕಿನ ಒಂದು ಕನ್ನಡಕದಂಗಡಿಯ ಮೇಲೆ ನಮ್ಮ ಎಂಟು ಜನರ ಆಫೀಸು. ವಿಂಡೋಸ್ ಬದಲು ಹಾಕಿಕೊಳ್ಳುವ ಲಿನಕ್ಸ್ ಡಿಸ್ಟ್ರಿಬ್ಯೂಷನ್ ಒಂದನ್ನು ಸಣ್ಣ ಗಿರಾಕಿಗಳ ಕಂಪ್ಯೂಟರಿಗೆ ಹೊಂದಿಸಿಕೊಡುವುದು ಕೆಲಸ. ನಾನು ಸೀನಿಯರ್ ಪ್ಯಾಕೇಜರ್, ಅಂದರೆ ಒಂದೊಂದು ಪ್ರೋಗ್ರಾಮನ್ನೂ ಗಿರಾಕಿಯ ಮಷೀನಿಗೆ ಇಳಿಯುವಂತೆ ಗಂಟು ಕಟ್ಟುವವನು. ನನ್ನಷ್ಟು ಚುರುಕಾಗಿ ಪ್ಯಾಕೇಜ್ ಕಟ್ಟುವವರು ಆ ಬ್ಲಾಕಿನಲ್ಲಿರಲಿಲ್ಲ. ನನ್ನಷ್ಟು ಕೀಟಲೆ ಮಾಡುವವರು ಇಡೀ ಜಯನಗರದಲ್ಲೇ ಇರಲಿಲ್ಲ. ಮ್ಯಾನೇಜರ್ ಕುರ್ಚಿಯ ಚಕ್ರ ಬಚ್ಚಿಟ್ಟು, ಹುಡುಕಿಕೊಟ್ಟು, ಅವರಿಂದಲೇ ಕಾಫಿ ಕುಡಿದವನು ನಾನು.

ಸೋರ್ಸ್ ಪ್ಯಾಕೇಜ್ ಎಂದರೆ ಎರಡು ಗಂಟು. ಮೂಲ ಲೇಖಕ ಬರೆದದ್ದು ಒಂದರಲ್ಲಿ, ಮುಟ್ಟದೆ ಹಾಗೇ. ನಾವು ತಿದ್ದಿದ್ದು ಇನ್ನೊಂದರಲ್ಲಿ. ನಂಬರೂ ಅಷ್ಟೇ. 1.4-2 ಎಂದರೆ ಗೆರೆಯ ಎಡಗಡೆಯದು ಅವರದು, ಬಲಗಡೆಯದು ನಮ್ಮದು. ಎಡಕ್ಕೆ ಕೈ ಹಾಕಬಾರದು. ಏಪ್ರಿಲ್ ಒಂದರಂದು ನಾನು ಹಾಕಿದೆ. 1.4-2 ಆಗಿದ್ದ ಪ್ರಿಂಟಿಂಗ್ ಪ್ಯಾಕೇಜಿಗೆ 99-1 ಎಂದು ನಂಬರ್ ಕೊಟ್ಟು ಸರ್ವರ್‌ಗೆ ಏರಿಸಿದೆ. ಒಳಗೆ ಹಳೆಯದೇ ಸರಕು.

"ಒಂದೇ ಜಂಪಿಗೆ ತೊಂಬತ್ತೊಂಬತ್ತು ಗುರು!" ಎಂದೆ. ಎಲ್ಲರೂ ನಕ್ಕರು. ಸಂಜೆ ಅದನ್ನು ಅಳಿಸಿ, ಆಫೀಸಿನ ಮಷೀನ್‌ಗಳನ್ನೆಲ್ಲ ಹಳೆಯ ನಂಬರಿಗೆ ತಂದೆ.

ಮೇ ತಿಂಗಳಲ್ಲಿ ಬಾಗಲಕೋಟೆಯ ಸಾವಿತ್ರಿ ಸೇರಿದರು. ಬಿಟಿಎಂನಲ್ಲಿ ಬಾಡಿಗೆ ರೂಮು, ಮೂರು ತಿಂಗಳ ಪ್ರೊಬೇಷನ್. ಜುಲೈ ಮೊದಲಲ್ಲಿ ವಿಲ್ಸನ್ ಗಾರ್ಡನ್‌ನ ಒಂದು ರಕ್ತಪರೀಕ್ಷೆಯ ಲ್ಯಾಬಿನಿಂದ ದೂರು ಬಂತು: ರಿಪೋರ್ಟಿನ ಕೊನೆಯ ಸಾಲು ಅಚ್ಚಾಗುತ್ತಿಲ್ಲ. ಸಾವಿತ್ರಿ ತಪ್ಪು ಹುಡುಕಿ, ತಿದ್ದಿ, 1.4-3 ಎಂದು ಸರ್ವರ್‌ಗೆ ಏರಿಸಿದರು. ಆಫೀಸಿನಲ್ಲಿ ಸರಿ, ಲ್ಯಾಬಿನಲ್ಲಿ ಇಲ್ಲ. ಆಮೇಲೆ 1.4-4, 1.4-5. ಲ್ಯಾಬಿನವನು ಫೋನಿನಲ್ಲಿ ಒಂದೇ ರಾಗ: "ಅಪ್‌ಗ್ರೇಡ್ ಕೊಟ್ಟೆ ಮೇಡಂ. ಹೊಸದೇ ಇದೆ ಅಂತ ತೋರ್ಸ್ತಿದೆ."

"ನಾ ಬರೋಬ್ಬರಿ ಮಾಡೇನ್ರಿ ಸರ್. ಒಮ್ಮೆ ಅಲ್ಲೇ ಹೋಗಿ ನೋಡ್ಲೇನ್ರಿ?" ಎಂದು ಸಾವಿತ್ರಿ ನನ್ನನ್ನು ಕೇಳಿದರು.

"ಹೋಗಿ ಏನ್ ಮಾಡ್ತೀರಾ ಮೇಡಂ, ಸೂಜಿ ಚುಚ್ಚಿಸ್ಕೊಂಡು ಬರ್ತೀರಾ? ನಾನೇ ಹೋಗ್ತೀನಿ ಬಿಡಿ, ಹತ್ತು ನಿಮಿಷದ ಕೆಲ್ಸ."

ಮತ್ತೆ ಎಲ್ಲರೂ ನಕ್ಕರು. ಆ ಹತ್ತು ನಿಮಿಷದ ಕೆಲಸಕ್ಕೆ ನಾನು ಹೊರಟದ್ದು ಮೂರು ವಾರ ಬಿಟ್ಟು. ಅಷ್ಟರಲ್ಲಿ ಪ್ರೊಬೇಷನ್ ಮುಗಿದಿತ್ತು. "ಒಂದ್ ಸಾಲು ಪ್ರಿಂಟ್ ಮಾಡ್ಸೋಕೆ ಆಗ್ಲಿಲ್ವಲ್ಲಮ್ಮ" ಎಂದು ಮ್ಯಾನೇಜರ್ ಆಕೆಯನ್ನು ಕೆಲಸದಿಂದ ಕಳಿಸಿಯಾಗಿತ್ತು.

ಲ್ಯಾಬಿನ ಸ್ಕ್ರೀನಿನ ಮೇಲೆ 99-1 ಕೂತಿತ್ತು. ಅಪ್‌ಗ್ರೇಡ್ ಆರಿಸುವುದು ದೊಡ್ಡ ನಂಬರನ್ನು. ಏಪ್ರಿಲ್ ಒಂದರಂದು, ಸಂಜೆ ನಾನು ಅಳಿಸುವ ಮೊದಲೇ, ಈ ಮಷೀನೂ ಸರ್ವರ್‌ನಿಂದ ನನ್ನ ತಮಾಷೆಯನ್ನು ಇಳಿಸಿಕೊಂಡಿತ್ತು. ಆಮೇಲೆ ಸಾವಿತ್ರಿ ಕಳಿಸಿದ ಯಾವುದನ್ನೂ ಒಳಗೆ ಬಿಟ್ಟಿರಲಿಲ್ಲ.

ಇದಕ್ಕೆ ಇರುವ ಮದ್ದು ಇಪಾಕ್. ನಂಬರಿನ ಮುಂದೆ ಒಂದು ಅಂಕಿ, ಎರಡು ಚುಕ್ಕೆ ಇಟ್ಟರೆ ಅದು 99ನ್ನೂ ಮೀರುತ್ತದೆ. 1:1.4-6 ಎಂದು ಕಟ್ಟಿದೆ. ಒಳಗಿದ್ದದ್ದು ಸಾವಿತ್ರಿಯ ತಿದ್ದುಪಡಿ. ಒಂದಕ್ಷರವನ್ನೂ ನಾನು ಬದಲಿಸಲಿಲ್ಲ. ಕೊನೆಯ ಸಾಲು ಅಚ್ಚಾಯಿತು.

"ಸಖತ್ ಸಾರ್!" ಎಂದ ಲ್ಯಾಬಿನವನು. "ಆ ಮೇಡಂ ಕೈಲಿ ಆಗ್ಲೇ ಇಲ್ಲ ನೋಡಿ."

ಮ್ಯಾನೇಜರ್‌ಗೆ ಎಲ್ಲ ಹೇಳಿದೆ. "ಹೋಗ್ಲಿ ಬಿಡಿ, ಬೇರೆಯವ್ರು ಬಂದಾಯ್ತಲ್ಲ" ಎಂದರು. ಬಿಟಿಎಂನ ರೂಮಿಗೆ ಹೋದೆ. ಮನೆ ಮಾಲೀಕರು ಗೇಟಿನಲ್ಲೇ, "ಖಾಲಿ ಮಾಡ್ಕೊಂಡು ಹೋದ್ಲಲ್ಲ ಸಾರ್. ಕಂಪ್ಯೂಟರ್ ಕೆಲ್ಸ ನನ್ ತಲಿಗೆ ಹತ್ತಂಗಿಲ್ಲ ಅಂಕಲ್ ಅಂದ್ಲು" ಎಂದರು.

ಹಾಕಿದ ಇಪಾಕ್ ತೆಗೆಯಲು ಬರುವುದಿಲ್ಲ. ತೆಗೆದರೆ ನಂಬರ್ ಮತ್ತೆ ಚಿಕ್ಕದಾಗುತ್ತದೆ. ನಾನು ನಿವೃತ್ತನಾಗುವವರೆಗೂ ಆ ಪ್ಯಾಕೇಜಿನ ಪ್ರತಿ ವರ್ಷನ್ನಿನ ಮುಂದೆ ಒಂದು ಎಂಬ ಆ ಅಂಕಿ ಇತ್ತು. ಹೊಸಬರು 'ನನ್ನದು ಸರಿಯಿದೆ' ಎಂದಾಗ, ನಗುವ ಮೊದಲು ಹೋಗಿ ನೋಡಬೇಕು. ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದೂ ತಡವಾಗಿ. "ಇದ್ಯಾಕ್ ಸಾರ್ ಮುಂದೆ ಒಂದು?" ಎಂದು ಯಾರಾದರೂ ಕೇಳಿದರೆ, ಎಲ್ಲದಕ್ಕೂ ಒಂದು ತಮಾಷೆ ಇಟ್ಟುಕೊಂಡಿರುವ ನಾನು ಸಾವಿತ್ರಿಯ ಹೆಸರು ಹೇಳುತ್ತಿದ್ದೆ.