ಕಲೆ ಉಳಿಸದ ಕೈ

ನಮ್ಮ ಭಾವನನ್ನು ಬೀದಿಯವರು ಟಚಪ್ಪ ಎಂದು ಕರೆಯುತ್ತಾರೆ. ಕಣ್ಣಾಸ್ಪತ್ರೆ ಸೇರುವ ಮೊದಲು ಅವರು ಫೋಟೋ ಸ್ಟುಡಿಯೋದಲ್ಲಿ ಮುಖಗಳಿಗೆ ಟಚಪ್ ಮಾಡುತ್ತಿದ್ದರು. ಮೊಡವೆ, ಗಾಯದ ಗುರುತು, ಕಣ್ಣಿನ ಕೆಳಗಿನ ಕಪ್ಪು, ಏನಿದ್ದರೂ ಒರೆಸಿ ಕಳಿಸುವುದು ಅವರ ಕಸುಬು. ಅಕ್ಕನ ಮದುವೆ ಫೋಟೋದಲ್ಲಿ ನನ್ನ ಗದ್ದದ ಮಚ್ಚೆಯನ್ನು ಒಂದು ಮಾತೂ ಕೇಳದೆ ಅಳಿಸಿಬಿಟ್ಟರು. ಯಾಕೆ ಅಂದಿದ್ದಕ್ಕೆ, "ಉಪಕಾರ ಮಾಡಿದ್ರೆ ಜಗಳಕ್ಕೆ ಬರ್ತೀಯಲ್ಲ" ಅಂದರು. ಆವತ್ತಿನಿಂದ ಅವರನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಬರೆಯುತ್ತಿರುವುದೂ ಅವರನ್ನು ಹೊಗಳಲಿಕ್ಕಲ್ಲ.

ಎಲ್ಲರ ಕೈಗೂ ಫೋನು ಬಂದು ಸ್ಟುಡಿಯೋ ಬಾಗಿಲು ಹಾಕಿದ ಮೇಲೆ ಭಾವ ಕಣ್ಣಾಸ್ಪತ್ರೆಯ ಸ್ಕ್ಯಾನ್ ಕೋಣೆಗೆ ಸೇರಿದರು. ಕಿಟಕಿಗೆ ಕರಿ ಬಟ್ಟೆ, ತಿರುಗುವ ಸ್ಟೂಲು, ಗದ್ದ ಇಡಲು ಒಂದು ಬಟ್ಟಲು, ಹಣೆ ಒತ್ತಿಕೊಳ್ಳಲು ಒಂದು ಪಟ್ಟಿ. ಮಷೀನು ಕಣ್ಣಿನೊಳಕ್ಕೆ ಬೆಳಕು ಹರಿಸಿ, ಹಿಂಬದಿಯ ಪರದೆಯನ್ನು ಚಾಕುವಿನಲ್ಲಿ ಕೊಯ್ದಂತೆ ಪದರ ಪದರವಾಗಿ ತೋರಿಸುತ್ತದೆ. ಆ ಕೋಣೆಯಲ್ಲಿ ಭಾವ ರಾಜ. "ಅಲ್ಲಾಡ್ಬೇಡಿ. ರೆಪ್ಪೆ ಬಡೀಬೇಡಿ. ಉಸಿರು ಮೆಲ್ಲಗೆ." ಮುದುಕರನ್ನೂ ಶಾಲೆ ಮಕ್ಕಳಂತೆ ಗದರಿಸುತ್ತಿದ್ದರು.

ಆಮೇಲೆ ಹೊಸ ಮಷೀನು ಬಂತು. ಹಳೆಯದು ನಿಧಾನವಾಗಿ ಗೆರೆ ಎಳೆಯುತ್ತಿದ್ದರೆ, ಇದು ರೆಪ್ಪೆ ಬಡಿಯುವುದರೊಳಗೆ ಇಡೀ ಕಣ್ಣನ್ನು ಸುತ್ತಿ ಬರುತ್ತಿತ್ತು. ಆದರೆ ಓಡುವ ಬೆಳಕು ಯಾವ ಜಾಗದಲ್ಲೂ ನೆಟ್ಟಗೆ ನಿಲ್ಲುವುದಿಲ್ಲವಲ್ಲ, ಚಿತ್ರದ ತುಂಬ ಮರಳು ಎರಚಿದಂತೆ ಚುಕ್ಕೆಗಳು. ಡಾಕ್ಟರಮ್ಮ ಮುಖ ಗಂಟಿಕ್ಕಿದರು. ಭಾವ ಅದಕ್ಕೊಂದು ದಾರಿ ಹಿಡಿದರು. ಒಂದೇ ಗೆರೆಯನ್ನು ಮತ್ತೆ ಮತ್ತೆ ತೆಗೆದು ಒಂದರ ಮೇಲೊಂದು ಕೂರಿಸುವುದು. ಮರಳು ಪ್ರತಿ ಸಲವೂ ಬೇರೆ ಕಡೆ ಬೀಳುತ್ತದೆ, ಹಾಗಾಗಿ ಕರಗಿಹೋಗುತ್ತದೆ. ನಿಜವಾಗಿ ಇರುವುದು ಇದ್ದಲ್ಲೇ ಉಳಿಯುತ್ತದೆ. ಅದು ಒಳ್ಳೆಯ ಕೆಲಸ, ಒಪ್ಪುತ್ತೇನೆ. ಒಪ್ಪುವುದಕ್ಕೆ ಹೊಟ್ಟೆ ಉರಿಯುತ್ತದೆ, ಅಷ್ಟೆ.

ಆದರೆ ಕಣ್ಣು ಅಲುಗಾಡಿದರೆ ಪದರಗಳು ಒಂದರ ಮೇಲೊಂದು ಕೂರುವುದಿಲ್ಲ. ಅಂಥವರಿಗಾಗಿ ಮಷೀನಿನಲ್ಲಿ ಇನ್ನೊಂದು ಗುಂಡಿ ಇತ್ತು, ಚುಕ್ಕೆಗಳನ್ನು ಸವರಿ ನಯ ಮಾಡುವ ಗುಂಡಿ. ಅದಕ್ಕೆ ಮರಳು ಯಾವುದು, ರೋಗ ಯಾವುದು ಗೊತ್ತಿಲ್ಲ. ಸ್ವಲ್ಪವೇ ತಿರುಗಿಸಬೇಕು ಎಂದು ಹೇಳಿಕೊಟ್ಟಿದ್ದರು. ಭಾವ ಕೊನೆಯವರೆಗೂ ತಿರುಗಿಸುತ್ತಿದ್ದರು. ಹುಟ್ಟುಗುಣ ಸುಟ್ಟರೂ ಹೋಗುತ್ತದೆಯೇ? ತಮ್ಮ ಕೈಯಿಂದ ಹೊರಟ ಚಿತ್ರದಲ್ಲಿ ಕಲೆ ಇರಬಾರದು. ದೂರದ ಬೆಟ್ಟವಷ್ಟೇ ಅಲ್ಲ, ಭಾವನ ಕೈಯಲ್ಲಿ ಹತ್ತಿರದ ಕಣ್ಣೂ ನುಣ್ಣಗೇ. ಡಾಕ್ಟರಮ್ಮನೂ ಖುಷಿಯಾಗಿದ್ದರು. ಗುಂಡಿ ಎಷ್ಟು ತಿರುಗಿಸಿದಿರಿ ಎಂದು ಯಾರೂ ಕೇಳಲಿಲ್ಲ.

ನಮ್ಮಮ್ಮನ ತಲೆ ಸದಾ ಸಣ್ಣಗೆ ನಡುಗುತ್ತದೆ. ಎಡಗಣ್ಣು ಹೋಗಿ ಎಷ್ಟೋ ಕಾಲವಾಯಿತು. ಉಳಿದೊಂದು ಕಣ್ಣಿನಲ್ಲೇ ನನ್ನ ಜೊತೆ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ನಡೆಸುತ್ತಿದ್ದಳು. ಅಂಗಿಗೆ ಗುಂಡಿಮನೆ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಒಂದು ದಿನ ಟೇಪು ಹಿಡಿದುಕೊಂಡು, "ಇದು ಯಾಕೆ ಮಧ್ಯೆ ಡೊಂಕಾಗಿದೆ?" ಎಂದಳು. ಟೇಪು ನೆಟ್ಟಗೇ ಇತ್ತು. ಮಾರನೆಯ ದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಭಾವನೇ ಸ್ಕ್ಯಾನ್ ಮಾಡಿದರು. ಚಿತ್ರ ಇಸ್ತ್ರಿ ಹೊಡೆದಂತಿತ್ತು. ಡಾಕ್ಟರಮ್ಮ ನೋಡಿ, "ಚೆನ್ನಾಗೇ ಇದೆ, ಗಾಬರಿ ಬೇಡ" ಎಂದು ಕಳಿಸಿದರು. ಅಮ್ಮ ಮಾತ್ರ ಬಾಗಿಲ ಚೌಕಟ್ಟು ಬಾಗಿದೆ, ನಿನ್ನ ಮೂಗು ಸೊಟ್ಟಗಿದೆ ಎನ್ನುತ್ತಲೇ ಇದ್ದಳು. ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ನಾನು ಮಾತೆತ್ತಿದೆ.

"ಅಮ್ಮಂಗೆ ಇನ್ನೂ ಹಾಗೇ ಕಾಣ್ತಿದೆ ಭಾವ. ಇನ್ನೊಂದ್ಸಲ ತೆಗೀರಿ."

"ಅಷ್ಟು ಚೆನ್ನಾಗಿ ಬಂದಿರೋ ಚಿತ್ರ ಅದು. ಅತ್ತೆಗೆ ವಯಸ್ಸಾಯ್ತು, ಅಷ್ಟೇ."

"ಚಿತ್ರ ಚೆನ್ನಾಗಿದ್ರೆ ಕಣ್ಣು ಚೆನ್ನಾಗಿರುತ್ತಾ?"

"ನೀನು ಬಟ್ಟೆ ಹೊಲಿ. ನನ್ನ ಕೆಲಸ ನಂಗೆ ಬಿಡು."

ಅಕ್ಕ ಮಧ್ಯೆ ಬಾಯಿ ಹಾಕಿ, "ಅವರನ್ನ ಕಂಡ್ರೆ ನಿಂಗೆ ಮೊದ್ಲಿಂದ ಆಗಲ್ಲ ಬಿಡು" ಅಂದಳು. ಅದು ನಿಜ. ಆದರೆ ನನ್ನ ಕೋಪಕ್ಕೂ ಅಮ್ಮನ ಕಣ್ಣಿಗೂ ಏನು ಸಂಬಂಧ? ಅನ್ನ ಬಿಟ್ಟು ಎದ್ದು ಬಂದೆ.

ಅಷ್ಟರಲ್ಲಿ ಅಮ್ಮ ಸೂಜಿಯನ್ನು ಬೆರಳಿಗೇ ಚುಚ್ಚಿಕೊಳ್ಳತೊಡಗಿದಳು. ನಾನು ಭಾವನನ್ನು ಕೇಳದೆ ನೇರವಾಗಿ ಡಾಕ್ಟರಮ್ಮನ ಕೋಣೆಗೆ ನುಗ್ಗಿ, ಸರದಿಯವರೆಲ್ಲ ಬೈಯುತ್ತಿದ್ದರೂ ಜಗ್ಗದೆ ನಿಂತೆ. ಅವರು ಅಮ್ಮನ ಕಣ್ಣನ್ನು ತಾವೇ ದೀಪ ಹಾಕಿ ನೋಡಿದರು. ಮುಖ ಸಪ್ಪೆಯಾಯಿತು. ಭಾವನನ್ನು ಕರೆಸಿ, ಮೊದಲ ಸಲ ತೆಗೆದ ಚಿತ್ರವನ್ನು ನಯ ಮಾಡದೆ ತೆರೆಯಲು ಹೇಳಿದರು. ಮಷೀನು ಮೂಲವನ್ನು ಹಾಗೇ ಇಟ್ಟುಕೊಂಡಿತ್ತು. ಮರಳಿನ ನಡುವೆ, ಪರದೆಯ ಅಡಿಯಲ್ಲಿ, ಸಾಸಿವೆಯಷ್ಟು ಕಪ್ಪು ಗುಳ್ಳೆ. ನೀರು ತುಂಬಿದ ಗುಳ್ಳೆ.

"ಇದನ್ನ ಯಾಕೆ ಒರೆಸಿದ್ರಿ?" ಡಾಕ್ಟರಮ್ಮ ಕೇಳಿದರು.

"ಅತ್ತೆ ತಲೆ ಅಲ್ಲಾಡ್ತಿತ್ತು. ಚಿತ್ರ ಗಲೀಜಾಗಿತ್ತು ಮೇಡಂ. ಅಂಥದ್ದನ್ನ ನಿಮಗೆ ಹೇಗೆ ಕೊಡ್ಲಿ?"

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನಗೆ ತಡೆಯಲಾಗದ್ದು. ಕೆಟ್ಟತನ ಮಾಡಿದ್ದರೆ ಶಾಪ ಹಾಕಿ ಹಗುರಾಗಬಹುದಿತ್ತು. ಈ ಮನುಷ್ಯ ಚೆಂದ ಮಾಡಿದ್ದರು.

ಇಷ್ಟು ದಿನದಲ್ಲಿ ಗುಳ್ಳೆಯಡಿಯ ರಕ್ತನಾಳ ಒಡೆದು ರಕ್ತ ಹರಡಿತ್ತು. ಕಣ್ಣಿಗೇ ಇಂಜೆಕ್ಷನ್ ಚುಚ್ಚಿದರು. ಅಂಚಿನ ನೋಟ ಉಳಿಯಿತು, ನಡುವಿನದು ಹೋಯಿತು. ಅಮ್ಮನಿಗೆ ಈಗ ಬಟ್ಟೆಯ ತುದಿ ಕಾಣುತ್ತದೆ, ಹೊಲಿಯುವ ಜಾಗ ಕಾಣುವುದಿಲ್ಲ. ಅಕ್ಕ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತು ಹೋದಳು. ನಾನು ಒಳಗೆ ಬಾ ಅನ್ನಲಿಲ್ಲ.

ಆಸ್ಪತ್ರೆಯವರು ಆ ಗುಂಡಿಗೆ ಬೀಗ ಹಾಕಿದರು, ಭಾವನನ್ನು ಮಾತ್ರ ಅಲ್ಲೇ ಬಿಟ್ಟರು. ಮುಂದಿನ ಸಲ ಹೋದಾಗ ಬೇರೆಯವರಿಂದ ತೆಗೆಸಿ ಎಂದು ಜಗಳವಾಡಿದೆ. ಬೇರೆ ಯಾರೂ ಇಲ್ಲ ಅಂದರು. ಭಾವ ಗದರಲಿಲ್ಲ, ಅಲ್ಲಾಡಬೇಡಿ ಎನ್ನಲಿಲ್ಲ. ಸ್ಟೂಲನ್ನು ಹತ್ತಿರ ಎಳೆದುಕೊಂಡು ಅಮ್ಮನೆದುರು ಕೂತರು.

ಅಮ್ಮ ಅವರ ಕಡೆ ಮುಖ ಮಾಡಿದಳು. "ಅಳಿಯಂದಿರೇ, ನಿಮ್ಮ ಕಿವಿ ಕಾಣ್ತಿದೆ. ಅಂಗಿ ಕಾಲರ್ ಕಾಣ್ತಿದೆ. ಮುಖ ಇಲ್ಲ. ಅಳ್ತಿದೀರಾ?"

"ಇಲ್ಲ ಅತ್ತೆ. ನೆಗಡಿ."

ನಾನು ಪಕ್ಕದಲ್ಲೇ ನಿಂತಿದ್ದೆ. ನೀರು ಅವರ ಮೂಗಿನ ಪಕ್ಕದಿಂದ ಇಳಿದು ಕಾಲರ್ ಒಳಗೆ ಹೋಗುತ್ತಿತ್ತು. ಇದನ್ನೂ ಒರೆಸಲು ನಾನು ಬಿಡಲಿಲ್ಲ.

"ಅಳ್ತಿದಾರೆ ಅಮ್ಮ" ಅಂದೆ.

ಅಮ್ಮ ಬಟ್ಟಲಿನ ಮೇಲೆ ಗದ್ದ ಇಟ್ಟಳು.

"ಅಳ್ಲಿ ಬಿಡು" ಅಂದಳು.