ಎಂಡ್ಲಾ ಚಿಕ್ಕಮ್ಮ ಮತ್ತು ಗುರುವಾರದ ಸೂಪು

ನಮ್ಮ ಶಾಲೆಗಳಲ್ಲಿ ಅಡುಗೆ ಮಾಡುವವರನ್ನು ಬರೀ ಹೆಸರಿಟ್ಟು ಯಾರೂ ಕೂಗುವುದಿಲ್ಲ, ಚಿಕ್ಕಮ್ಮ ಅನ್ನುತ್ತೇವೆ. ಒಂದನೇ ತರಗತಿಯ ಮಗುವಿಗೂ ಅವರು ಎಂಡ್ಲಾ ಚಿಕ್ಕಮ್ಮ, ಹೆಡ್‌ಮಾಸ್ಟರಿಗೂ ಎಂಡ್ಲಾ ಚಿಕ್ಕಮ್ಮ.

ನಾನು ಅವರ ಕೈಯ ಊಟ ಉಂಡು ಬೆಳೆದವಳು. ಎಸ್ಟೋನಿಯಾದ ತೆಂಕಣ ಮೂಲೆಯಲ್ಲಿ, ವೋರು ಪಟ್ಟಣಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ನಮ್ಮೂರಿಗೆ ಇರುವುದು ಒಂದೇ ಶಾಲೆ. ಎಂಡ್ಲಾ ಚಿಕ್ಕಮ್ಮನ ತಾಯಿ, ಊರೆಲ್ಲ ಒಟ್ಟಾಗಿ ದುಡಿಯುತ್ತಿದ್ದ ಸಾಮೂಹಿಕ ಬೇಸಾಯದ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದವರು. ಮಗಳು ಹದಿನಾರಕ್ಕೇ ತಾರ್ತು ನಗರಕ್ಕೆ ಹೋಗಿ ಅಡುಗೆ ಕಲಿತು ಬಂದು, ಅದೇ ಬೇಸಾಯದವರ ಊಟದ ಮನೆಯಲ್ಲಿ ಸೌಟು ಹಿಡಿದರು. ಸೋವಿಯತ್ ಕಾಲ ಮುಗಿದು ಆ ಬೇಸಾಯ ಚದುರಿದಾಗ ಊಟದ ಮನೆಗೂ ಬೀಗ ಬಿತ್ತು, ಅವರು ಶಾಲೆಗೆ ಬಂದರು. ನಾನಾಗ ಮೂರನೇ ತರಗತಿ. ಆ ಚಳಿಗಾಲ ಅಂಗಡಿಗಳು ಬರಿದಾಗಿದ್ದವು. ಚಿಕ್ಕಮ್ಮ ಕೈಗಾಡಿ ಎಳೆದುಕೊಂಡು ಮನೆಮನೆಗೆ ಹೋಗಿ ಆಲೂಗಡ್ಡೆ, ಬಾರ್ಲಿ, ಕೋಸು ಕೇಳಿ ತಂದು ನಮಗೆ ಬಿಸಿಬಿಸಿ ಬೇಯಿಸಿ ಹಾಕಿದರು. ಒಂದು ದಿನವೂ ಊಟ ತಪ್ಪಲಿಲ್ಲ. ಆಗ ನಮಗೆ ಅದು ದೊಡ್ಡದು ಅನ್ನಿಸಿರಲಿಲ್ಲ. ಊಟ ಇದ್ದೇ ಇರುತ್ತದೆ ಅಂದುಕೊಂಡಿದ್ದೆವು.

ಓದು ಮುಗಿಸಿ ನಾನು ಅದೇ ಶಾಲೆಗೆ ಜೀವಶಾಸ್ತ್ರದ ಟೀಚರಾಗಿ ಬಂದೆ. ಚಿಕ್ಕಮ್ಮನಿಗೆ ನಾನು ಟೀಚರಲ್ಲ, ಹಳೆಯ ಕೈರಿತ್ ಆಗಿಯೇ ಉಳಿದೆ. ಉಳಿದವರಿಗಿಂತ ಒಂದು ಸೌಟು ಹೆಚ್ಚು ಹಾಕಿ, "ಟೀಚರಾದ್ಮೇಲೆ ಸೊರಗಿಹೋಗಿದೀಯ" ಅನ್ನುತ್ತಿದ್ದರು.

ಅವರು ಬಂದು ಇಪ್ಪತ್ತೇಳನೇ ವರ್ಷ ನಡೆಯುತ್ತಿದ್ದಾಗ ನಾನೊಂದು ಕೆಲಸಕ್ಕೆ ಕೈ ಹಾಕಿದೆ. ನಮ್ಮದು, ಪೋರ್ಚುಗಲ್‌ನ ಬಯಲುಸೀಮೆಯದೊಂದು, ಇಟಲಿಯ ಸಿಸಿಲಿಯದೊಂದು, ಹೀಗೆ ಮೂರು ದೇಶದ ಮೂರು ಶಾಲೆಗಳ ಮಕ್ಕಳು ಸೇರಿ, ಬೇಕಾದಷ್ಟನ್ನೇ ಕೊಳ್ಳುವುದು, ಕೊಂಡದ್ದನ್ನು ಹಾಳುಮಾಡದಿರುವುದು ಹೇಗೆಂದು ಒಂದು ವರ್ಷ ಕಲಿಯಬೇಕು. ನಾನು ಪುಸ್ತಕದಿಂದ ಶುರುಮಾಡಲಿಲ್ಲ. ತಟ್ಟೆಯಿಂದಲೇ ಶುರುವಾಗಲಿ ಎಂದು ಎಂಜಲು ತಟ್ಟೆ ಒಪ್ಪಿಸುವ ಕಿಟಕಿಯ ಬಳಿ ಒಂದು ತೊಟ್ಟಿ, ಒಂದು ತೂಕದ ಯಂತ್ರ ಇಡಿಸಿದೆ. ಎರಡು ವಾರ ಮೂರೂ ಶಾಲೆಗಳಲ್ಲಿ ಮಕ್ಕಳು ತಟ್ಟೆಯಲ್ಲಿ ಉಳಿದದ್ದನ್ನು ತೊಟ್ಟಿಗೆ ಸುರಿದು ದಿನವೂ ತೂಗಿ ಬರೆದುಕೊಂಡರು. ಚಿಕ್ಕಮ್ಮನಿಗೆ ನಾನು ಹೇಳಿದ್ದು ಇಷ್ಟೇ, ಇಲ್ಲೊಂದು ತೊಟ್ಟಿ ಇಡುತ್ತೇವೆ ಎಂದು.

ಎಂಟನೇ ತರಗತಿಯ ಬೆರಿತ್ ಎಂಬ ಹುಡುಗಿ ನಮ್ಮ ತಂಡದ ಮುಂದಾಳು. ಲೆಕ್ಕದಲ್ಲೂ ಚುರುಕು, ನಾಲಿಗೆಯಲ್ಲೂ ಚುರುಕು. ಲೆಕ್ಕವನ್ನೆಲ್ಲ ದೊಡ್ಡ ಹಾಳೆಯಲ್ಲಿ ಬರೆದು ಊಟದ ಕೋಣೆಯ ಗೋಡೆಗೆ ಅಂಟಿಸಿದಳು. ಬೇರೆ ದಿನಗಳಲ್ಲಿ ಐದಾರು ಕಿಲೋ ಉಳಿದರೆ, ಗುರುವಾರ, ಬಟಾಣಿ ಸೂಪಿನ ದಿನ, ಹತ್ತೊಂಬತ್ತು ಕಿಲೋ. ಆ ಅಂಕಿಯ ಪಕ್ಕ ಮೂತಿ ಸಿಂಡರಿಸಿದ ಒಂದು ಮುಖವನ್ನೂ ಬರೆದಿದ್ದಳು. ನನಗೂ ನಗು ಬಂತು. ಚೆನ್ನಾಗಿದೆ ಅಂದೆ.

ಮಾರನೆಯ ದಿನದಿಂದ ಚಿಕ್ಕಮ್ಮ ಬಡಿಸಲು ಹೊರಗೆ ಬರಲಿಲ್ಲ. ಅವರ ಬದಲು ಪಾತ್ರೆ ತೊಳೆಯುವಾಕೆ ಬಡಿಸಿದಳು. ನಾಲ್ಕನೆಯ ದಿನ ಅವರು ಜೂನ್‌ಗೆ ಕೆಲಸ ಬಿಡುವುದಾಗಿ ಕಾಗದ ಕೊಟ್ಟಿದ್ದಾರೆಂದು ಹೆಡ್‌ಮಾಸ್ಟರು ಹೇಳಿದರು. ನಾನು ಅಡುಗೆಮನೆಗೆ ಓಡಿದೆ. ಅವರು ಗಜ್ಜರಿ ಹೆರೆಯುತ್ತ ಕೂತಿದ್ದರು, ತಲೆ ಎತ್ತಲಿಲ್ಲ.

"ಏನಾದ್ರೂ ಬೇಕಿತ್ತಾ ಟೀಚರ್?"

ಅವರು ನನ್ನನ್ನು ಟೀಚರ್ ಎಂದು ಕರೆದದ್ದು ಅದೇ ಮೊದಲು.

"ಇಷ್ಟು ವರ್ಷ ನಾನು ನೋಡ್ತಿದ್ದದ್ದು ತಟ್ಟೆ ತುಂಬಿಸ್ಕೊಂಡು ಹೋಗೋ ಮುಖಗಳನ್ನ" ಅಂದರು. "ತಿರುಗಿ ಬರೋ ತಟ್ಟೆ ಆ ಕಡೆ ಕಿಟಕಿಗೆ ಹೋಗ್ತಿತ್ತು, ನನ್ನ ಕಣ್ಣಿಗೆ ಬೀಳ್ತಿರಲಿಲ್ಲ. ನನ್ನ ಸೂಪು ಸೇರಲ್ಲ ಅಂದ್ರೆ ನನ್ನ ಹತ್ರ ಬಂದು ಹೇಳ್ಬಹುದಿತ್ತಲ್ಲ. ಗೋಡೆಗೆ ಯಾಕೆ ಹೇಳಿದ್ರಿ?"

ತಪ್ಪಾಯಿತು ಅಂದೆ. ಅವರು ಹೂಂ ಅಂದು ಮುಂದಿನ ಗಜ್ಜರಿ ಎತ್ತಿಕೊಂಡರು. ನಾನು ಹೋಗಿ ಹಾಳೆ ಕಿತ್ತು ಮಡಚಿಟ್ಟೆ. ಆದರೆ ಇಡೀ ಶಾಲೆ ಅದನ್ನಾಗಲೇ ಓದಿಯಾಗಿತ್ತು.

ಆ ವಾರದ ಕೊನೆಗೆ ಮೂರೂ ತಂಡಗಳು ಕಂಪ್ಯೂಟರಿನ ಪರದೆಯ ಮೇಲೆ ಎದುರುಬದುರಾಗಿ ಕೂತು ಲೆಕ್ಕ ಒಪ್ಪಿಸುವುದಿತ್ತು. ಬೆರಿತ್ ತನ್ನ ಗುರುವಾರವನ್ನು ತೋರಿಸಿದಳು. ಪೋರ್ಚುಗಲ್‌ನ ಒಬ್ಬಳು ಹುಡುಗಿ ಸೂಪಿನ ರುಚಿಯ ಬಗ್ಗೆ ಏನನ್ನೂ ಕೇಳಲಿಲ್ಲ. ಗುರುವಾರ ಊಟವಾದ ಮೇಲೆ ನಿಮ್ಮಲ್ಲಿ ಏನಿರುತ್ತದೆ ಎಂದು ಕೇಳಿದಳು. ಅವರ ಶಾಲೆಯಲ್ಲಿ ಫುಟ್‌ಬಾಲ್ ಇದ್ದ ದಿನವೇ ತಟ್ಟೆಯಲ್ಲಿ ಹೆಚ್ಚು ಉಳಿಯುತ್ತಿತ್ತಂತೆ. ಬೆರಿತ್ ಏನೂ ಇಲ್ಲ ಅನ್ನಲು ಬಾಯಿ ತೆರೆದವಳಿಗೆ ತಟ್ಟನೆ ಬಸ್ಸು ನೆನಪಾಯಿತು. ಗುರುವಾರ ಚಿಕ್ಕ ಮಕ್ಕಳನ್ನು ಈಜಿಗೆ ವೋರುಗೆ ಕರೆದೊಯ್ಯುವ ಬಸ್ಸು, ಊಟದ ಗಂಟೆ ಹೊಡೆದು ಹತ್ತೇ ನಿಮಿಷಕ್ಕೆ ಹೊರಡುತ್ತಿತ್ತು.

ಇದು ನಿಜವೇ ಎಂದು ನೋಡಬೇಕಾದರೆ ಬಟಾಣಿ ಸೂಪನ್ನು ಬೇರೊಂದು ದಿನ ಬಡಿಸಿ ತೂಗಬೇಕು. ಅದನ್ನು ಚಿಕ್ಕಮ್ಮನಿಗೆ ಕೇಳುವವರು ಯಾರು? ನಾನೇ ಹೋಗುತ್ತೇನೆ ಅಂದೆ. ಬೆರಿತ್ ಬಿಡಲಿಲ್ಲ, ತಾನೇ ಹೋದಳು. ನಾನು ಬಾಗಿಲ ಬಳಿ ನಿಂತಿದ್ದೆ.

"ಚಿಕ್ಕಮ್ಮ, ಆ ಮುಖ ಬರೆದದ್ದು ನಾನೇ."

"ಗೊತ್ತು. ಚೆನ್ನಾಗೇ ಬರೆದಿದ್ದೆ. ನನ್ನ ಗಂಡನ ಥರಾನೇ ಇತ್ತು."

ಬೆರಿತ್ ನಗಬೇಕೋ ಬೇಡವೋ ತಿಳಿಯದೆ, ತಪ್ಪು ಸೂಪಿನದಲ್ಲ, ಬಸ್ಸಿನದು ಇರಬೇಕು ಎಂದು ವಿವರಿಸಿದಳು. "ಆದ್ರೆ ಖಾತ್ರಿ ಮಾಡ್ಕೋಬೇಕು. ಮಂಗಳವಾರ ಬಟಾಣಿ ಸೂಪು ಮಾಡ್ಕೊಡ್ತೀರಾ?"

"ಮಂಗಳವಾರಾನೂ ಹಾಗೇ ಉಳಿದ್ರೆ?"

"ಉಳಿದ್ರೆ ಮೊದಲು ನಿಮಗೇ ಬಂದು ಹೇಳ್ತೀನಿ. ಗೋಡೆಗೆ ಹಾಕಲ್ಲ."

ಚಿಕ್ಕಮ್ಮ ಕೈ ಒರೆಸಿಕೊಂಡು, ಬಟಾಣಿ ನೆನೆಹಾಕಲು ಸೋಮವಾರವೇ ನೆನಪಿಸು ಅಂದರು.

ಮಂಗಳವಾರ ಸೂಪು ಉಳಿದದ್ದು ನಾಲ್ಕು ಕಿಲೋ. ಆ ಗುರುವಾರ ಮಾಡಿದ್ದು ಎಲ್ಲ ಮಕ್ಕಳಿಗೂ ಪ್ರಾಣವಾದ ಮೀನಿನ ಕಟ್ಲೆಟ್ಟು. ಅದು ಉಳಿದದ್ದು ಹದಿನೇಳು ಕಿಲೋ. ಬೆರಿತ್ ಕೊಟ್ಟ ಮಾತಿನಂತೆ ಹಾಳೆಯನ್ನು ನೇರ ಅಡುಗೆಮನೆಗೆ ಒಯ್ದಳು. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಯಾರೂ ಕರೆಯದೆಯೇ ಹೊರಗೆ ಬಂದು ತೊಟ್ಟಿಯೊಳಗೆ ಬಗ್ಗಿ ನೋಡಿದರು. ಒಂದೇ ಒಂದು ಸಲ ಕಚ್ಚಿ ಬಿಟ್ಟ ಕಪ್ಪು ಬ್ರೆಡ್ಡಿನ ಹೋಳುಗಳು ರಾಶಿ ಬಿದ್ದಿದ್ದವು.

"ಇದು ಬಸ್ಸಿಂದಲ್ಲ, ನಂದೇ ತಪ್ಪು" ಅಂದರು. "ಅಷ್ಟು ದಪ್ಪದ ಹೋಳು ಪುಟಾಣಿ ಕೈಗೆ ಹೆಚ್ಚಾಯ್ತು. ಅರ್ಧ ಮಾಡ್ತೀನಿ. ಬೇಕಾದೋರು ಇನ್ನೊಂದು ತಗೊಳ್ಲಿ."

ಅಲ್ಲಿಂದ ಮುಂದೆ ಆ ಕೆಲಸ ನನ್ನ ಕೈಬಿಟ್ಟು ಅವರ ಕೈಗೆ ಹೋಯಿತು. ಬಡಿಸುವುದನ್ನು ನಿಲ್ಲಿಸಿ ಪಾತ್ರೆಗಳನ್ನು ಮೇಜಿನ ಮೇಲಿಟ್ಟು ಮಕ್ಕಳೇ ಹಾಕಿಕೊಳ್ಳಲಿ ಅಂದವರು ಅವರು. ಮೊದಲ ದಿನ ನೆಲವೆಲ್ಲ ಸೂಪಾಯಿತು. ಚಿಕ್ಕಮ್ಮ ಒರೆಸುವ ಬಟ್ಟೆಯನ್ನು ಚೆಲ್ಲಿದವರ ಕೈಗೇ ಕೊಟ್ಟರು. ಎರಡನೆಯ ವಾರಕ್ಕೆ ಒಂದನೇ ತರಗತಿಯವರೂ ಅಳತೆ ಕಲಿತರು. ಬಸ್ಸನ್ನು ಇಪ್ಪತ್ತು ನಿಮಿಷ ಮುಂದೂಡಲು ಈಜುಕೊಳದವರನ್ನು ಒಪ್ಪಿಸುವುದಕ್ಕೆ ಹೆಡ್‌ಮಾಸ್ಟರಿಗೆ ಮೂರು ವಾರ ಹಿಡಿಯಿತು. ಏಪ್ರಿಲ್‌ನಲ್ಲಿ ಮತ್ತೆ ತೂಗಿದಾಗ ಗುರುವಾರದ್ದು ಐದು ಕಿಲೋ. ಚಿಕ್ಕಮ್ಮನ ರಾಜೀನಾಮೆ ಏನಾಯಿತೆಂದು ಅಳುಕುತ್ತಲೇ ಹೆಡ್‌ಮಾಸ್ಟರನ್ನು ಕೇಳಿದೆ. ಆ ಕಾಗದ ತಮ್ಮ ಹತ್ತಿರ ಇಲ್ಲ, ಹೋದ ವಾರವೇ ಚಿಕ್ಕಮ್ಮ ಬಂದು ವಾಪಸು ಇಸಿದುಕೊಂಡರು ಅಂದರು.

ಮೇ ತಿಂಗಳಲ್ಲಿ ಎರಡೂ ದೇಶಗಳ ಮಕ್ಕಳು ನಮ್ಮೂರಿಗೆ ಬಂದರು. ಪೋರ್ಚುಗಲ್‌ನವರ ಜೊತೆ ಅವರ ಶಾಲೆಯ ಅಡುಗೆಯಾಕೆ ಗ್ರಾಸಾ ಕೂಡ ಬಂದಿದ್ದರು, ಕುಳ್ಳಗೆ, ದುಂಡಗೆ, ಸದಾ ಮಾತಾಡುವ ಹೆಂಗಸು. ನಮ್ಮ ಚಿಕ್ಕಮ್ಮನೋ ಉದ್ದಕ್ಕೆ, ಮಾತು ಕಡಿಮೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಒಂದಕ್ಷರ ಬರದು. ಆವತ್ತು ಮೂರೂ ತಂಡಗಳು ಹಳೆಯ ಬ್ರೆಡ್ಡಿನಿಂದ ತಂತಮ್ಮ ಕಡೆಯ ಒಂದೊಂದು ಅಡುಗೆ ಮಾಡಬೇಕಿತ್ತು. ಚಿಕ್ಕಮ್ಮ ಒಣಗಿದ ಕಪ್ಪು ಬ್ರೆಡ್ಡನ್ನು ನೆನೆಸಿ, ಅರೆದು, ಒಣದ್ರಾಕ್ಷಿ, ಚಕ್ಕೆ ಹಾಕಿ ಕುದಿಸಿ, ಮೇಲೆ ಕಡೆದ ಕೆನೆ ಇಟ್ಟು ನಮ್ಮ ಬ್ರೆಡ್ ಪಾಯಸ ಮಾಡಿದರು. ಗ್ರಾಸಾ ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು ಜಜ್ಜಿ ಬಿಸಿನೀರು ಹೊಯ್ದು, ಬ್ರೆಡ್ ಮುರಿದು ಹಾಕಿ ಮೇಲೊಂದು ಮೊಟ್ಟೆ ಬಿಟ್ಟರು. ಸಿಸಿಲಿಯ ಮಕ್ಕಳು ಬ್ರೆಡ್ ಪುಡಿಯನ್ನು ಎಣ್ಣೆಯಲ್ಲಿ ಹುರಿದು ಪಾಸ್ತಾದ ಮೇಲೆ ಉದುರಿಸಿದರು.

ಆ ಗಡಿಬಿಡಿಯಲ್ಲಿ ಒಂದು ಹೋಳು ಬ್ರೆಡ್ ನೆಲಕ್ಕೆ ಬಿತ್ತು. ಚಿಕ್ಕಮ್ಮ ನಮ್ಮ ಕಡೆಯ ಹಿರಿಯರೆಲ್ಲ ಮಾಡುವಂತೆ ಅದನ್ನೆತ್ತಿ ಮುತ್ತಿಟ್ಟು ಪಕ್ಕಕ್ಕಿಟ್ಟರು. ಗ್ರಾಸಾ ಮಾತು ನಿಲ್ಲಿಸಿ ನೋಡಿದರು. ಆಮೇಲೆ ಅದೇ ಹೋಳನ್ನು ತಾವೂ ಎತ್ತಿ ಮುತ್ತಿಟ್ಟು, ಎದೆ ಮುಟ್ಟಿಕೊಂಡು, ಕೈಯನ್ನು ಹಿಂದಕ್ಕೆ ಬೀಸಿ, ತಮ್ಮ ಅಜ್ಜಿಯೂ ಹೀಗೇ ಮಾಡುತ್ತಿದ್ದರೆಂದು ಸನ್ನೆಯಲ್ಲೇ ಹೇಳಿದರು. ಅವರಿಬ್ಬರೂ ನಗತೊಡಗಿದರು. ಮೂವತ್ತು ಮಕ್ಕಳು ಸುತ್ತ ನೆರೆದು ನೋಡುತ್ತಿದ್ದರು. ಹಾಳುಮಾಡಬಾರದು ಎಂದು ನಾನು ವರ್ಷವಿಡೀ ಹೇಳಿದ್ದು ಆ ಗಳಿಗೆಯಲ್ಲಿ ಅವರಿಗೆ ತಲುಪಿತು ಎಂದೇ ನನ್ನ ನಂಬಿಕೆ.

ಅಕ್ಟೋಬರಿನಲ್ಲಿ ನಾವು ಪೋರ್ಚುಗಲ್‌ಗೆ ಹೊರಟೆವು. ಚಿಕ್ಕಮ್ಮನಿಲ್ಲದೆ ತಾವು ಬರುವುದಿಲ್ಲವೆಂದು ಮಕ್ಕಳು ಹಟ ಹಿಡಿದಿದ್ದರು. ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ಮೊದಲ ಸಲ ವಿಮಾನ ಹತ್ತಿದರು, ಚೀಲದಲ್ಲಿ ಎರಡು ದೊಡ್ಡ ಕಪ್ಪು ಬ್ರೆಡ್ ಇಟ್ಟುಕೊಂಡು. "ಅಲ್ಲಿನೋರು ಬ್ರೆಡ್ ಕಂಡಿಲ್ವೇನೇ?" ಎಂದು ಗಂಡ ಹೆಯ್ನೋ ಬಸ್ ನಿಲ್ದಾಣದಲ್ಲಿ ಛೇಡಿಸಿದರೆ, "ಗ್ರಾಸಾಗೆ ಕಣ್ರೀ, ಊರಿಗೆಲ್ಲ ಅಲ್ಲ" ಅಂದರು.

ಅಲ್ಲಿಯ ಶಾಲೆಯಲ್ಲಿ ಮಕ್ಕಳು ಅವರನ್ನು ನಡುವೆ ಕೂರಿಸಿಕೊಂಡು ಪ್ರಶ್ನೆ ಕೇಳಿದರು. ಬೆರಿತ್ ಅವರ ಮಾತನ್ನು ಇಂಗ್ಲಿಷಿಗೆ ದಾಟಿಸುತ್ತಿದ್ದಳು. ಒಬ್ಬ, ನಿಮಗೆ ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು ಎಂದು ಕೇಳಿದ.

"ಆ ತೊಟ್ಟಿ ನೋಡಿದ್ದು" ಅಂದರು ಚಿಕ್ಕಮ್ಮ. "ಆದ್ರೆ ನೋಡದೇ ಇದ್ದಿದ್ರೆ ನಾನು ಹಾಗೇ ಕೆಲಸ ಮುಗಿಸಿ ಮನೆಗೆ ಹೋಗ್ತಿದ್ದೆ. ಈ ಮಕ್ಕಳು ನಂಗೆ ನಿಜ ಹೇಳಿದ್ರು. ಆಮೇಲೆ ಅದನ್ನ ಸರಿ ಮಾಡೋಕೂ ನನ್ನ ಜೊತೆ ನಿಂತ್ರು. ಅದಕ್ಕೆ ಇವರಿಗೆ ನಾನು ಋಣಿ."

ಬೆರಿತ್ ಕೊನೆಯ ವಾಕ್ಯವನ್ನು ದಾಟಿಸದೆ ನನ್ನತ್ತ ತಿರುಗಿದಳು, ಅದನ್ನು ನಾನೇ ಹೇಳಬೇಕಾಯಿತು. ಋಣ ನಿಜವಾಗಿ ಯಾರದೆಂದು ನನಗೆ ಗೊತ್ತಿತ್ತು. ಕಾಗದ ಕೊಟ್ಟು ಹೊರಟುಹೋಗಿದ್ದರೆ ಯಾರೂ ಅದನ್ನು ತಪ್ಪೆನ್ನುತ್ತಿರಲಿಲ್ಲ. ಅವರು ಉಳಿದರು, ನನ್ನ ಅವಸರದ ಪಾಠವನ್ನು ತಮ್ಮ ಕೈಯಾರೆ ಬೇಯಿಸಿ ಹದಕ್ಕೆ ತಂದರು.

ಆಮೇಲೆ ಐದು ವರ್ಷ ಕೆಲಸ ಮಾಡಿ ಅವರು ನಿವೃತ್ತರಾದರು. ಈಗಿನ ಅಡುಗೆಯಾಕೆ ಅವರೇ ತಯಾರು ಮಾಡಿದ ಹುಡುಗಿ. ಪ್ರತಿ ಸೆಪ್ಟೆಂಬರಿನಲ್ಲಿ ಹೊಸ ತಂಡ ಕಟ್ಟಿದಾಗ ನಾನು ಮಕ್ಕಳನ್ನು ಮೊದಲು ಅಡುಗೆಮನೆಗೆ ಕರೆದೊಯ್ದು, ಒಬ್ಬೊಬ್ಬರಿಂದಲೂ ಆಕೆಗೆ ಹೆಸರು ಹೇಳಿಸಿ, ನಾವು ಏನು ಮಾಡಬೇಕೆಂದಿದ್ದೇವೆ ಎಂದು ತಿಳಿಸಿ, ಒಪ್ಪಿಗೆ ಕೇಳುತ್ತೇನೆ.