ಗದ್ದಲದ ಗಾಡಿ, ಬಿಸಿ ಮಿರ್ಚಿ

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ನಮ್ಮ ಎದುರು ಮನೆಯವರಿಗೆ ಹರಿಹರದಲ್ಲಿ ಬಟ್ಟೆ ಅಂಗಡಿ. ತೊಂಬತ್ತರ ದಶಕದ ಕೊನೆಯಲ್ಲಿ ಅವರೊಂದು ಪುಟ್ಟ ಡೀಸೆಲ್ ಕಾರು ಕೊಂಡರು. ಓಟದಲ್ಲಿ ಕುದುರೆ, ಸದ್ದಿನಲ್ಲಿ ಹಿಟ್ಟಿನ ಗಿರಣಿ. ಹೆದ್ದಾರಿಯ ಲಾರಿಗಳನ್ನೆಲ್ಲ ಹಿಂದೆ ಹಾಕಿ ಬಂದ ಸಂಜೆ, ಎತ್ತಿನ ಬೆನ್ನು ತಟ್ಟಿದಂತೆ ಬಾನೆಟ್ ತಟ್ಟಿಯೇ ಒಳಗೆ ಹೋಗುತ್ತಿದ್ದರು. ಆದರೆ ಅಂಥದ್ದೇ ಕಾರು ಕೊಳ್ಳಬೇಕೆಂದು ಯಾರಾದರೂ ವಿಚಾರಿಸಿದರೆ ಕಿವಿಗೆ ಬೆರಳಿಟ್ಟುಕೊಂಡು ಒಂದೇ ಮಾತು: "ಇನ್ನೊಂದ್ ಸಲ ಇದನ್ನ ಮಾತ್ರ ತಗಳಲ್ಲ ಬಿಡ್ರಿ!"

ಕೊನೆಗೆ ಅದನ್ನು ದೇವರಾಜ ಅರಸು ಬಡಾವಣೆಯ ಮೇಷ್ಟ್ರೊಬ್ಬರಿಗೆ ಮಾರಿ, ಸದ್ದೇ ಇಲ್ಲದ ಪೆಟ್ರೋಲ್ ಕಾರು ತಂದರು. ಮರುದಿನ ಸಂಜೆ ಅಂಗಡಿಯಿಂದ ಬಂದಾಗ ತಟ್ಟೆಯಲ್ಲಿ ಮಂಡಕ್ಕಿ ಇತ್ತು, ದಿನವೂ ಜೊತೆಗಿರುತ್ತಿದ್ದ ಬಿಸಿ ಮಿರ್ಚಿ ಬಜ್ಜಿ ಇರಲಿಲ್ಲ.

"ಮಿರ್ಚಿ ಎಲ್ಲೈತೆ?"

"ನೀವು ಬಂದಿದ್ದು ಗೊತ್ತಾಗ್ಬೇಕಲ್ರಿ," ಎಂದರು ಹೆಂಡತಿ. "ಇಷ್ಟು ದಿನ ಆ ಗಾಡಿ ಸದ್ದು ತಿರುವಿನಾಗೆ ಕೇಳಿದ ಕೂಡ್ಲೆ ಎಣ್ಣಿಗೆ ಬಿಡ್ತಿದ್ದೆ."

ಬಿಸಿ ಮಿರ್ಚಿಯ ಗುಟ್ಟು ಅವರಿಗೆ ತಿಳಿದದ್ದೇ ಆಗ. ತಿರುವಿನಲ್ಲಿ ಹಾರನ್ ಹೊಡೆದು ನೋಡಿದರು. ದಾವಣಗೆರೆಯಲ್ಲಿ ಎಲ್ಲರೂ ಹಾರನ್ ಹೊಡೆಯುವವರೇ. ಇವರದು ಯಾವುದೆಂದು ಆಕೆಗೆ ತಿಳಿಯುವುದು ಹೇಗೆ?

ಒಂದು ಸಂಜೆ ನಮ್ಮ ಕಿಟಕಿಗಳು ಮತ್ತೆ ಗಡಗಡ ಎಂದವು. ಹೊರಗೆ ಬಂದು ನೋಡಿದರೆ ಅದೇ ಕಾರು! ಮೇಷ್ಟ್ರನ್ನು ಕಾಡಿಬೇಡಿ ವಾಪಸ್ ಕೊಂಡಿದ್ದರು.

"ಏನ್ರಿ, ಇನ್ನೊಂದ್ ಸಲ ತಗಳಲ್ಲ ಅಂದಿದ್ರಿ?" ಎಂದೆ.

ಅವರು ಎಂಜಿನ್ ಆರಿಸಿ, ಸುಮ್ಮನಿರಿ ಎಂಬಂತೆ ಬೆರಳೆತ್ತಿದರು. ಒಳಗೆ ಎಣ್ಣೆ ಚೊಯ್ ಎಂದಿತು.